ಬಿಸಿಲೆಯಿಂದ ಶೃಂಗೇರಿಗೆ: ಹೂವಿನ ಕಾಲದಲ್ಲಿ ಒಂದು ಸುತ್ತು

ತೋಟ ಇದ್ದವರಿಗೆ ಪ್ರವಾಸದ ಬಿಡುವು ಎಂಬುದು ಇಲ್ಲ. ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆ, ಆ ಮೇಲೆ ಕೊಯ್ಲು, ಆ ಮೇಲೆ ಅಂಗಳದಲ್ಲಿ ಅಡಿಕೆ, ಬೇಸಿಗೆ ಬಂದರೆ ನೀರಿನ ಚಿಂತೆ. ಮದುವೆ, ಬೊಜ್ಜ, ಬ್ರಹ್ಮಕಲಶಗಳನ್ನು ಬಿಟ್ಟರೆ ಗಂಡ ಹೆಂಡತಿ ಒಟ್ಟಾಗಿ ಮೂರು ದಿನ ಮನೆ ಬಿಟ್ಟದ್ದು ನಮಗೆ ನೆನಪಿಲ್ಲ. ಈ ಸಲ ಮಾರ್ಚಿಯಲ್ಲಿ ಬಿಟ್ಟೆವು. ಕಾರಣ ಹೇಳದಿದ್ದರೆ ಸದಸ್ಯ ಬಾಂಧವರು ನಮಗೆ ದುಡ್ಡು ಹೆಚ್ಚಾಗಿದೆ ಎಂದು ತಿಳಿದಾರು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

ನಮ್ಮದು ಸುಳ್ಯ ತಾಲೂಕಿನಲ್ಲಿ ಎರಡೂವರೆ ಎಕ್ರೆ ತೋಟ. ಮೇಲಿನ ಒಂದು ಎಕ್ರೆ ಹಳದಿ ಎಲೆ ರೋಗದ ಪಾಲಾಗಿದೆ. ಸೋಗೆಯ ಗರಿಗಳ ತುದಿ ಹಳದಿಯಾಗಿ, ನಡುನರದ ಪಕ್ಕ ಮಾತ್ರ ಹಸಿರು ಉಳಿದು, ವರ್ಷದಿಂದ ವರ್ಷಕ್ಕೆ ಮಂಡೆ ಸಣ್ಣದಾಗುತ್ತ ಹೋಗುವ ಆ ನೋಟವನ್ನು ಸಂಪಾಜೆ, ಅರಂತೋಡು ಕಡೆಯವರಿಗೆ ನಾವು ವರ್ಣಿಸಬೇಕಾಗಿಲ್ಲ. ಉದುರಿದ ಅಡಿಕೆಯನ್ನು ಒಡೆದರೆ ಒಳಗೆ ಮೆತ್ತಗೆ, ಕಪ್ಪು. ಕೇರಳದಲ್ಲಿ ೧೯೧೪ರಷ್ಟು ಹಿಂದೆಯೇ ಕಂಡ ರೋಗ ಇದು. ಫೈಟೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿ ಇದಕ್ಕೆ ಕಾರಣವೆಂದೂ, ಒಂದು ಜಿಗಿಹುಳ ಅದನ್ನು ಮರದಿಂದ ಮರಕ್ಕೆ ಒಯ್ಯುವುದೆಂದೂ ವಿಜ್ಞಾನಿಗಳು ಕಂಡುಹಿಡಿದರು. ಆದರೆ ಬಂದ ಮರವನ್ನು ಗುಣಪಡಿಸುವ ಮದ್ದು ಇಲ್ಲ. ಆ ಒಂದು ಎಕ್ರೆಯಲ್ಲಿ ಮತ್ತೆ ಅಡಿಕೆಯನ್ನೇ ಇಡುವುದೇ, ರೊಬಸ್ಟಾ ಕಾಫಿ ಹಾಕುವುದೇ, ಅಥವಾ ಬೆಂಗಳೂರಿನಲ್ಲಿರುವ ಮಗ ಹೇಳುವಂತೆ ಅಷ್ಟನ್ನು ಮಾರಿಬಿಡುವುದೇ ಎಂದು ಮನೆಯಲ್ಲಿ ಎರಡು ವರ್ಷದಿಂದ ಚರ್ಚೆ. ಕಾಫಿಯ ಸೀಮೆಯನ್ನು ಹೂವಿನ ಕಾಲದಲ್ಲಿ ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಹೊರಟೆವು.

ಸುಬ್ರಹ್ಮಣ್ಯದಿಂದ ಕುಲ್ಕುಂದ ದಾಟಿ ಬಿಸಿಲೆ ಘಾಟಿ ಹಿಡಿದೆವು. ಶಿರಾಡಿಯ ಲಾರಿಗಳ ಸಾಲಿಗೆ ಹೆದರುವವರಿಗೆ ಈ ದಾರಿ ಹೇಳಿ ಮಾಡಿಸಿದ್ದು. ಆದರೆ ಇಕ್ಕಟ್ಟು, ಎದುರಿನಿಂದ ಬಸ್ಸು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಎರಡೂ ಕಡೆ ಒತ್ತಾದ ಕಾಡು, ಬೆಳಿಗ್ಗೆ ಒಂಬತ್ತಕ್ಕೂ ದೀಪ ಹಾಕಿಕೊಂಡು ಹೋಗುವಷ್ಟು ನೆರಳು. ಮೇಲೆ ವೀಕ್ಷಣಾ ಕಟ್ಟೆಯಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, ಕೆಳಗೆ ಕಾಣದಷ್ಟು ಆಳದ ಕಣಿವೆ. ಈ ಏಣಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ ಪಡುಗಡಲಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ನಮ್ಮ ಕೆರೆಯ ನೀರಿನ ಅಣ್ಣತಮ್ಮಂದಿರು ತಮಿಳುನಾಡಿನಲ್ಲಿ ಗದ್ದೆ ಮಾಡಿಕೊಂಡಿದ್ದಾರೆ ಎಂದು ನಕ್ಕು, ಕಟ್ಟಿ ತಂದಿದ್ದ ಅವಲಕ್ಕಿ ತಿಂದೆವು.

ಹೆತ್ತೂರು ಹತ್ತಿರವಾಗುತ್ತಿದ್ದಂತೆ ಗಾಡಿಯ ಗಾಜು ಇಳಿಸಬೇಕಾಯಿತು. ಪರಿಮಳ! ಹತ್ತು ದಿನದ ಹಿಂದೆ ಅಲ್ಲಿ ಒಳ್ಳೆಯ ಮಳೆಯಾಗಿತ್ತಂತೆ, ರೊಬಸ್ಟಾ ಒಟ್ಟಿಗೇ ಅರಳಿತ್ತು. ಮಲ್ಲಿಗೆಯನ್ನು ಹೋಲುವ ಬಿಳಿ ಹೂ, ಗೆಲ್ಲಿನ ಉದ್ದಕ್ಕೂ ಹಿಮ ಸುರಿದ ಹಾಗೆ. ನೋಡಲು ಇಷ್ಟು ಸೊಗಸು, ಆದರೆ ಬೆಳೆಗಾರನಿಗೆ ಇದು ಪರೀಕ್ಷೆಯ ವಾರ. ಮೊಗ್ಗು ಬಿಡಿಸಲು ಸುಮಾರು ಒಂದು ಅಂಗುಲ ಮಳೆ ಬೇಕು, ಅದಕ್ಕಿಂತ ತೀರ ಕಡಿಮೆಯಾದರೆ ಮೊಗ್ಗು ಅರೆ ಅರಳಿ ಕೆಡುತ್ತದೆ. ಅರಳಿದ ದಿನವೇ ಜಡಿಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾಕ್ಕೆ ತನ್ನದೇ ಪರಾಗ ನಡೆಯುವುದಿಲ್ಲ, ಬೇರೆ ಗಿಡದ್ದು ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೀಳದಿದ್ದರೆ ಕಟ್ಟಿದ ಕಾಯಿಯೂ ನಿಲ್ಲುವುದಿಲ್ಲ. ನೀರಿರುವವರು ತುಂತುರು ಕೊಳವೆ ಹಾಕಿ ಮಳೆಯನ್ನು ತಾವೇ ತರಿಸುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಅಡಿಕೆಯವರು ಆಕಾಶ ನೋಡುವುದು ಮಳೆ ನಿಲ್ಲಲಿ ಎಂದು, ಇವರು ನೋಡುವುದು ಬರಲಿ ಎಂದು. ಎರಡನ್ನೂ ಒಂದೇ ತೋಟದಲ್ಲಿ ಹಾಕಿದವನು ಏನೆಂದು ಬೇಡಿಕೊಳ್ಳಬೇಕೋ!

ಸಕಲೇಶಪುರದ ಸುತ್ತ ಆನೆಯ ಮಾತು ಇಲ್ಲದ ಮನೆಯಿಲ್ಲ. ಬೆಳಿಗ್ಗೆ ಕೂಲಿಯವರು ತೋಟಕ್ಕಿಳಿಯುವ ಮುನ್ನ ಆನೆ ಎಲ್ಲಿದೆ ಎಂದು ವಿಚಾರಿಸುವುದು ರೂಢಿಯಾಗಿಬಿಟ್ಟಿದೆ. ನಮ್ಮ ಕಡೆಯ ಹಂದಿ, ಮಂಗಗಳ ಕಾಟ ಆಗ ಸಣ್ಣದಾಗಿ ಕಂಡಿತು. ೧೭೯೨ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಹತ್ತಿ ಇಳಿದು, ಮೂಡಿಗೆರೆಯಲ್ಲಿ ಉಳಿದೆವು.

ಮರುದಿನ ಕೊಟ್ಟಿಗೆಹಾರದ ನೀರುದೋಸೆ ತಿಂದು ಜಾವಳಿ, ಕೆಳಗೂರಿನ ದಾರಿಯಾಗಿ ಕಳಸಕ್ಕೆ. ಇಡೀ ಸುತ್ತಿನಲ್ಲಿ ಚೆಂದದ ರಸ್ತೆ ಯಾವುದೆಂದು ಕೇಳಿದರೆ ಇದನ್ನೇ ಹೇಳುತ್ತೇವೆ. ಕೆಳಗೂರಿನಲ್ಲಿ ಗುಡ್ಡಕ್ಕೆ ಗುಡ್ಡವೇ ಚಹಾ, ಬಾಚಣಿಗೆ ಎಳೆದಂತೆ. ಕಳಸಕ್ಕೆ ಇಳಿದ ಮೇಲೆ ಮತ್ತೆ ನಮ್ಮ ಅಡಿಕೆ. ಆದರೆ ಅಲ್ಲಿ ನಮ್ಮ ಹಾಗೆ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವುದಕ್ಕಿಂತ ಹಸಿಯದನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದೇ ಹೆಚ್ಚು. ಮರಗಳ ಸೋಗೆ ನೋಡಿ ಮಾತ್ರ ಮನಸ್ಸು ಕುಗ್ಗಿತು. ಎಲೆಚುಕ್ಕಿ ರೋಗ ಈ ಭಾಗವನ್ನು ೨೦೨೨ರಲ್ಲಿ ಹಿಂಡಿದ್ದರ ಗುರುತು ಇನ್ನೂ ಕಾಣುತ್ತದೆ. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟು ಕೂರಿಸಿದ ಹಿರಿಯರು ನಮ್ಮ ಹಳದಿ ರೋಗದ ಕಥೆ ಕೇಳಿ, ‘ನಿಮ್ಮದು ನಿಧಾನ, ನಮ್ಮದು ಅವಸರ’ ಎಂದಷ್ಟೇ ಅಂದರು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ೧೯೨೫ರಲ್ಲಿ, ಲೆಸ್ಲಿ ಕೋಲ್ಮನ್ ಅವರು ಮೈಸೂರಿನ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದಾಗ, ಕಾಫಿಯ ರೋಗಗಳ ಕಾಟದಿಂದ ಬೇಸತ್ತವರಿಗಾಗಿ ಆರಂಭವಾದದ್ದು. ನಮ್ಮ ಪ್ರಶ್ನೆ ಒಂದೇ: ರೊಬಸ್ಟಾಕ್ಕೆ ಸಮುದ್ರ ಮಟ್ಟದಿಂದ ೫೦೦ರಿಂದ ೧೦೦೦ ಮೀಟರು ಎತ್ತರ ಹಿತ ಎನ್ನುತ್ತವೆ ಪುಸ್ತಕಗಳು. ನಮ್ಮ ತೋಟ ಅದಕ್ಕಿಂತ ಬಹಳ ಕೆಳಗೆ. ಅಲ್ಲಿ ಆದೀತೇ? ಆ ಊರಿನ ಅನುಭವಿ ಬೆಳೆಗಾರರೊಬ್ಬರು ಕೊಟ್ಟ ಉತ್ತರ ನಮಗೆ ಹಿಡಿಸಿತು. ಕೆಳಗೆ ಗಿಡ ಸಾಯುವುದಿಲ್ಲ, ಬಿಸಿಲು ಸಾಯಿಸುತ್ತದೆ. ಅಡಿಕೆಯ ನೆರಳಿದ್ದಲ್ಲಿ ನೀರು ಕೊಟ್ಟರೆ ಬರುತ್ತದೆ, ಅಡಿಕೆ ಸತ್ತು ಬಯಲಾದ ಜಾಗದಲ್ಲಿ ನೇರವಾಗಿ ಕಾಫಿ ನೆಟ್ಟರೆ ಮೊದಲ ಬೇಸಿಗೆಯೇ ಕೊನೆಯದು. ಮೊದಲು ಹಾಲುವಾಣ, ಬಾಳೆ, ಆಮೇಲೆ ಕಾಫಿ ಎಂದರು. ತಳಿ ಕೇಳಿದ್ದಕ್ಕೆ ಕಾಂಜೆನ್ಸಿಸ್ ಮತ್ತು ರೊಬಸ್ಟಾಗಳನ್ನು ಕೂಡಿಸಿ ಮಾಡಿದ ಸಿ.ಆರ್. ತೋರಿಸಿದರು. ಗಿಡ ಹಳೆಯ ರೊಬಸ್ಟಾದಷ್ಟು ಹರಡುವುದಿಲ್ಲ, ಇಕ್ಕಟ್ಟಿನ ತೋಟಕ್ಕೆ ಅನುಕೂಲ.

ಶೃಂಗೇರಿಯ ಬಳಿ ಹಳದಿ ರೋಗಕ್ಕೆ ನಮಗಿಂತ ಮೊದಲು ತುತ್ತಾದ ತೋಟಗಳಿವೆ. ಅಲ್ಲೊಬ್ಬರು ರೋಗದ ಮರಗಳನ್ನು ಕಡಿಯದೆ ನೆರಳಿಗೆಂದು ಉಳಿಸಿಕೊಂಡು, ನಡುವೆ ಕಾಫಿ ನೆಟ್ಟು, ಉಳಿದ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದಾರೆ. ಸಾಯುತ್ತಿರುವ ಮರದಿಂದ ಏಳೆಂಟು ವರ್ಷದ ನೆರಳಾದರೂ ಸಿಕ್ಕಿತಲ್ಲ ಎಂದು ಅವರ ಲೆಕ್ಕ. ಅಡಿಕೆಯ ಆದಾಯ ಪೂರ್ತಿ ತುಂಬಿ ಬಂದಿತೇ ಎಂದರೆ ತಲೆಯಲ್ಲಾಡಿಸಿದರು. ೨೦೨೪ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ ಮಾತ್ರ ಬಂದಿತಂತೆ. ಧಾರಣೆ ನೋಡಿ ಗಿಡ ನೆಡುವವರು ಗಿಡ ಕಾಯಿ ಬಿಡುವ ಹೊತ್ತಿಗೆ ಅದೇ ಧಾರಣೆ ಇರುತ್ತದೆ ಎಂದು ನಂಬಬಾರದು ಎಂಬುದು ನಮ್ಮ ಅಭಿಪ್ರಾಯ ಕೂಡ. ೧೯೮೯ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಕುಸಿದಾಗ ಆದದ್ದನ್ನು ಅಲ್ಲಿಯ ಹಳಬರು ಮರೆತಿಲ್ಲ.

ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ನೋಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಕೆರೆಕಟ್ಟೆ, ಮಾಳದ ಘಾಟಿಯಾಗಿ ಕಾರ್ಕಳಕ್ಕೆ ಇಳಿದೆವು. ಇಳಿಯುವಾಗಲೇ ಗಾಡಿಯಲ್ಲಿ ತೀರ್ಮಾನವೂ ಆಯಿತು. ಚಕ್ರ ಹಿಡಿದವರಿಗೆ ಒಂದು ಎಕ್ರೆಗೂ ಕಾಫಿ ಆಗಬೇಕೆಂದಿತ್ತು. ಪಕ್ಕ ಕುಳಿತವರು, ಮನೆಯ ಲೆಕ್ಕ ಬರೆಯುವವರು, ಮರ ಇನ್ನೂ ನಿಂತಿರುವ ಮೂವತ್ತು ಸೆಂಟ್ಸಿನಲ್ಲಿ ಮಾತ್ರ ನೆಡಬೇಕು, ಬಯಲಾದ ಭಾಗಕ್ಕೆ ಈ ಮಳೆಗಾಲ ಹಾಲುವಾಣ ಮತ್ತು ಬಾಳೆ ಅಷ್ಟೇ ಎಂದರು. ಹಾಗೆಯೇ ಆಗುವುದು. ಮಗನಿಗೆ ಫೋನು ಮಾಡಿ ಜಾಗ ಮಾರುವ ಮಾತನ್ನು ಐದು ವರ್ಷ ಎತ್ತಬೇಡ ಎಂದು ಹೇಳಿದ್ದೇವೆ. ನೂರೈವತ್ತು ಸಿ.ಆರ್. ಗಿಡಗಳಿಗೆ ಬಾಳೆಹೊನ್ನೂರಿನ ಕಡೆಯ ಒಂದು ನರ್ಸರಿಯಲ್ಲಿ ಮುಂಗಡ ಕೊಟ್ಟಾಗಿದೆ. ಜೂನಿನಲ್ಲಿ ಮಳೆ ಹಿಡಿದೊಡನೆ ತರುವುದು, ಈ ಸಲ ಶಿರಾಡಿಯಾಗಿ, ಪಿಕಪ್ಪಿನಲ್ಲಿ.