ಗಾಳಿಸುದ್ದಿಯ ಗುಣಾಕಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಗಳಲ್ಲಿ ಗಾಳಿಸುದ್ದಿ ಹಿಂದೆ ಕಿವಿಯಿಂದ ಕಿವಿಗೆ ನಡೆಯುತ್ತಿತ್ತು. ಇಂದು ಮೊಬೈಲಿನಲ್ಲಿ ಹಾರುತ್ತದೆ. ಅದರ ಲೆಕ್ಕವನ್ನಿಷ್ಟು ನೋಡೋಣ. ಸುದ್ದಿ ಪಡೆದ ಪ್ರತಿಯೊಬ್ಬರೂ ಹೊಸ 20 ಜನರಿಗೆ ಕಳುಹಿಸಿದರೆ ಐದನೆಯ ಸುತ್ತಿನಲ್ಲಿ ಅದು 32,00,000 ಜನರನ್ನು ಮುಟ್ಟುತ್ತದೆ. 5 ಜನರಿಗೆ ಕಳುಹಿಸಿದರೆ 3,125 ಜನರನ್ನು.

ಇದು ಬರಿಯ ಅಂಕಿಯಾಟವಲ್ಲ. 2018ರ ಜುಲೈ 13ರಂದು ನಮ್ಮ ನಾಡಿನದೇ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಸಂದೇಶ ಸಾರಿತು. ನೆರೆದ ಗುಂಪು ಒಬ್ಬ ತರುಣನನ್ನು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿಯನ್ನು ಪ್ರಕಟಿಸಿತು. ಆದರೆ ಆ ಐದರಲ್ಲಿ ಒಂದು ಗುಂಪೇ ನೂರಾರು ಜನರದಾಗಿರಬಹುದು.

ಆದುದರಿಂದ, ನಾಯಕರ ಅಥವಾ ನಟರ ಹೆಸರು ಹೊತ್ತು ಬಂದ ಸುದ್ದಿಯನ್ನೂ ವಿಚಾರಿಸದೆ ದಾಟಿಸದಿರೋಣ. ಗುಣಕ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆಯೇ.