ನಿಮಗಿದು ಗೊತ್ತೆ? ಕ್ಲೋರೋಫಾರ್ಮ್ ಕೊಡುತ್ತಿದ್ದ ಡಾ. ರೂಪಾಬಾಯಿ

ಅಮೆರಿಕದಲ್ಲಿ 1993ರಿಂದ 1998ರವರೆಗೆ ಪ್ರಸಾರವಾದ ‘ಡಾ. ಕ್ವಿನ್, ಮೆಡಿಸಿನ್ ವುಮನ್’ ಧಾರಾವಾಹಿಯ ನಾಯಕಿ ಬಾಸ್ಟನ್‌ನ ವೈದ್ಯೆ. 1860ರ ದಶಕದಲ್ಲಿ ಕೊಲೊರಾಡೊದ ದೂರದ ಊರಿಗೆ ಹೋದಾಗ ಅಲ್ಲಿನವರು ಹೆಣ್ಣು ಡಾಕ್ಟರನ್ನು ಸುಲಭಕ್ಕೆ ಒಪ್ಪುವುದಿಲ್ಲ.

ಅದು ಕಲ್ಪನೆ. ನಮ್ಮ ಕಡೆಯ ವೈದ್ಯೆಯ ಕಥೆ ನಿಜ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ವೈದ್ಯಕೀಯ ಶಾಲೆಯಲ್ಲಿ 1880ರ ದಶಕದಲ್ಲೇ ಹೆಣ್ಣುಮಕ್ಕಳು ಓದಿದರು. ಅವರಲ್ಲೊಬ್ಬರು ಪಾರ್ಸಿ ಸಮುದಾಯದ ರೂಪಾಬಾಯಿ ಫುರ್ದೂನ್‌ಜೀ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಕ್ಲೋರೋಫಾರ್ಮ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸದಲ್ಲಿ ಅವರು ಪಳಗಿದರು. ಒಂದಿಷ್ಟು ಹೆಚ್ಚಾದರೂ ಜೀವಕ್ಕೇ ಅಪಾಯವಿದ್ದ ಕಾಲವದು! ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರ ಸಾಲಿನಲ್ಲಿ ಅವರ ಹೆಸರಿದೆ.

ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನೋ ಹೃದಯವನ್ನೋ? ಇದನ್ನು ಪರೀಕ್ಷಿಸಲು 1889ರಲ್ಲಿ ನಿಜಾಮರ ಹಣದಿಂದ ಎರಡನೇ ‘ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ’ ನಡೆಯಿತು. ಅದಕ್ಕಾಗಿ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದರು. ರೂಪಾಬಾಯಿ ಓದಿದ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಆಯೋಗದ ಮುಂದಾಳು. ಉಸಿರಾಟವನ್ನೇ ಗಮನಿಸಬೇಕೆಂಬ ಲಾರಿಯವರ ಪಟ್ಟು ಮುಂದೆ ಬಹಳ ವಾದಕ್ಕೆ ಕಾರಣವಾಯಿತು.

ಹೆಚ್ಚಿನ ಓದಿಗೆ ರೂಪಾಬಾಯಿ ಎಡಿನ್‌ಬರೋಗೂ ಹೋಗಿಬಂದರು. ಅವರು ಓದಿದ ಶಾಲೆಯೇ ಇಂದಿನ ಉಸ್ಮಾನಿಯಾ ಮೆಡಿಕಲ್ ಕಾಲೇಜು. ಇಂಥವರ ಹೆಸರು ನಮ್ಮ ಶಾಲಾ ಪಠ್ಯಗಳಿಗೆ ಬರಲೇಬೇಕು.