ಚೀಲದ ಮೇಲಿನ ಊರು

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕಬ್ಬು, ತಂಬಾಕು, ಅರಿಸಿನ, ಜೋಳ, ದ್ರಾಕ್ಷಿಗಳನ್ನು ಬೆಳೆಯುವ, ಚರ್ಮದ ಚಪ್ಪಲಿಗಳನ್ನು ಹೊಲಿಯುವ ಸೀಮೆಯಾಗಿದ್ದು, ಇಲ್ಲಿ ಹುಟ್ಟುವ ಸರಕಿನಲ್ಲಿ ಬಹಳಷ್ಟು ಕೊಲ್ಹಾಪುರ, ಸಾಂಗಲಿ, ಮುಂಬಯಿಗಳ ಪೇಟೆಯನ್ನು ಹಾಯ್ದು ದೂರದೂರಿಗೆ ಹೋಗುತ್ತದೆ. ಹಾಗೆ ಹೋಗುವ ಸರಕನ್ನು ಏತರಲ್ಲಿ ತುಂಬಬೇಕು, ಏತರಿಂದ ಕಟ್ಟಬೇಕು ಎಂಬುದನ್ನು ಇಲ್ಲಿಯ ರೈತರು, ಹಮಾಲರು, ಕೂಲಿ ಹೆಣ್ಣುಮಕ್ಕಳು ತಲೆಮಾರುಗಳಿಂದ ಬಲ್ಲರಾದರೂ, ಕಟ್ಟಿದ ಗಂಟಿನ ಮೇಲೆ ಯಾವ ಊರಿನ, ಯಾರ ಹೆಸರು ಬೀಳಬೇಕು ಎಂಬುದು ಅವರ ಕೈಯಲ್ಲಿ ಉಳಿಯಲಿಲ್ಲ. ಈ ಸೀಮೆಯ ಚೀಲ, ಪುಡಿಕೆ, ಪೆಟ್ಟಿಗೆಗಳ ಚರಿತ್ರೆಯನ್ನು ಈ ಎರಡು ಸಂಗತಿಗಳನ್ನೂ ಜೊತೆಗಿಟ್ಟುಕೊಂಡೇ ನೋಡಬೇಕಾಗುತ್ತದೆ.

ಸರಕು ಊರು ಬಿಡದಿದ್ದ ಕಾಲದಲ್ಲಿ ಅದನ್ನು ಕಾಯುವ ಹೊದಿಕೆ ನೆಲವೇ ಆಗಿತ್ತು. ಅಥಣಿ, ರಾಯಬಾಗದ ಕಡೆಯ ಎರೆಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಆಳದ ಗುಂಡಿಯಲ್ಲಿ, ಒಳಮೈಗೆ ಹುಲ್ಲು ಹೊದಿಸಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದ ಹುಳುಗಳು ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆರೆದೊಡನೆ ಇಳಿದ ಮನುಷ್ಯನೂ ಬದುಕಲಾರನಾದ್ದರಿಂದ, ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುವ ರೂಢಿಯಿತ್ತು. ಸಾಂಗಲಿಯ ಪಕ್ಕದ ಹರಿಪುರದಲ್ಲಿ ಅರಿಸಿನ ವ್ಯಾಪಾರಿಗಳು ಇದೇ ಬಗೆಯ ಗುಂಡಿಗಳನ್ನು ಬಹುಕಾಲ ಬಳಸಿದ್ದು, 2005ರ ಕೃಷ್ಣಾ ಪ್ರವಾಹ ಅವುಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಇಂದಿನ ಕಾರ್ಖಾನೆಗಳು ಗಾಳಿಯನ್ನು ಹೊರತೆಗೆದು ಪೊಟ್ಟಣ ಕಟ್ಟುವಾಗ ಅನುಸರಿಸುವ ತತ್ವವೂ ಬೇರೆಯದಲ್ಲ.

ಸರಕು ಊರು ಬಿಟ್ಟು ಹೊರಟಾಗ ಗೋಣಿ ಬೇಕಾಯಿತು. ಗಾಡಿದಾರಿಗಳಿಲ್ಲದ ದಿನಗಳಲ್ಲಿ ಲಂಬಾಣಿಗರ ಎತ್ತಿನ ಹಿಂಡುಗಳು ಉಪ್ಪು, ಕಾಳುಗಳನ್ನು ಹೊತ್ತು ಘಟ್ಟ ಹತ್ತಿಳಿಯುತ್ತಿದ್ದು, ಎತ್ತಿನ ಬೆನ್ನಿನ ಎರಡೂ ಬದಿಗೆ ಸಮತೂಕವಾಗಿ ಇಳಿಬೀಳುವ ಜೋಡಿ ಚೀಲದ ಆ ಹೊರೆಯನ್ನು ಹೇರು ಎನ್ನುತ್ತಿದ್ದರು. ಸಣಬು, ಪುಂಡಿಯ ದಂಟುಗಳನ್ನು ನೀರಿನಲ್ಲಿ ಕೊಳೆಹಾಕಿ ಸುಲಿದ ನಾರನ್ನು ಹೊಸೆದು ಊರಲ್ಲೇ ನೇಯುತ್ತಿದ್ದ ತಟ್ಟು ಈ ಚೀಲಗಳಿಗೆ ಆಧಾರವಾಗಿತ್ತು. 1855ರಲ್ಲಿ ಕಲ್ಕತ್ತದ ಬಳಿಯ ರಿಶ್ರಾದಲ್ಲಿ ಸೆಣಬಿನ ಮೊದಲ ಗಿರಣಿ ಆರಂಭವಾದ ಮೇಲೆ ಬಂಗಾಳದ ಅಗ್ಗದ ಚೀಲಗಳು ದೇಶದ ಎಲ್ಲ ಸಂತೆಗಳಿಗೂ ಬಂದು, ಕೈಮಗ್ಗದ ಗೋಣಿ ನೇಯುವವರ ಕಸುಬು ಕುಗ್ಗಿತು. ಪೇಟೆಯ ಭಾಷೆಯಲ್ಲಿ ಬಾರದಾನವೆಂದು ಕರೆಯಲಾಗುವ ಈ ಖಾಲಿ ಚೀಲ ತಾನೇ ಒಂದು ಸರಕಾಯಿತು. ಅದರ ಬೆಲೆ ಯಾರು ಕೊಡಬೇಕು, ತೂಕದಲ್ಲಿ ಅದಕ್ಕೆಂದು ಎಷ್ಟು ಕಳೆಯಬೇಕು ಎಂಬುದು ರೈತ ಮತ್ತು ದಲಾಲರ ನಡುವಿನ ಹಳೆಯ ತಕರಾರು. ಚೀಲದ ಕೆಲಸದಲ್ಲಿ ಕೌಶಲ ಬೇಡವೆಂದು ತಿಳಿಯುವುದು ತಪ್ಪು: ಬಾಯಂಚನ್ನು ಒಳಕ್ಕೆ ಮಡಚಿ, ಎರಡು ಮೂಲೆಗಳಲ್ಲಿ ಹಿಡಿಯಲು ಕಿವಿಗಳನ್ನು ಬಿಟ್ಟು, ದಬ್ಬಣಕ್ಕೆ ಸುತಳಿ ಪೋಣಿಸಿ ಉದ್ದುದ್ದ ಹೊಲಿಗೆ ಹಾಕಿ ಕೊನೆಗೆ ಒಂದು ಬಿಗಿ ಕುಣಿಕೆ ಹಾಕುವುದನ್ನು ಕಲಿತ ಕೈ ಮಾತ್ರ ಮಾಡಬಲ್ಲದು, ಕಿವಿ ಸರಿಯಿಲ್ಲದ ಚೀಲವನ್ನು ಹಮಾಲ ಬೆನ್ನಿಗೇರಿಸುವುದೇ ಕಷ್ಟ.

ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಹಳಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಿರಜ್ ಮತ್ತು ಬೆಳಗಾವಿಗಳ ನಡುವೆ ಬಿದ್ದಾಗ ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಎದ್ದವು. ರೈಲಿನಲ್ಲಿ ಹಲವರ ಸರಕು ಒಂದೇ ಡಬ್ಬಿಯಲ್ಲಿ ಬೆರೆಯುವುದರಿಂದ ಪ್ರತಿ ಚೀಲದ ಮೇಲೂ ಕಳಿಸುವವರ ಗುರುತು, ಸೇರಬೇಕಾದ ಊರು ಕಾಣಬೇಕಾಯಿತು. ಮಸಿಯಲ್ಲಿ ಅದ್ದಿದ ಕುಂಚದಿಂದ ತಟ್ಟಿನ ಮೇಲೆ ಬರೆಯುವ ಈ ಗುರುತಿಗೆ ಮಾರ್ಕಾ ಎಂಬ ಹೆಸರು ನಿಂತಿತು. ಬೆಳೆದವನ ಹೆಸರಿಗೆ ಅದರಲ್ಲಿ ಸ್ಥಳವಿರಲಿಲ್ಲ, ಕಳಿಸಿದ ಅಂಗಡಿಯ ಹೆಸರಿಗಿತ್ತು. ಅಥಣಿ ಮತ್ತು ನಿಪ್ಪಾಣಿ ಪಟ್ಟಣಗಳಿಗೆ ಹಳಿ ಬರಲೇ ಇಲ್ಲವಾದರೂ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದ್ದ ನಿಪ್ಪಾಣಿ ಲಾರಿಗಳ ಬಲದಿಂದಲೇ ದೊಡ್ಡ ಪೇಟೆಯಾಗಿ ಬೆಳೆಯಿತು.

ಮನೆಮಂದಿಗೆ ಪಾರ್ಸಲ್ ಎಂಬ ವಸ್ತುವನ್ನು ಪರಿಚಯಿಸಿದ್ದು ಅಂಚೆ ಇಲಾಖೆ. 1877ರಲ್ಲಿ ಅದು ಆರಂಭಿಸಿದ ವಿ.ಪಿ. (ವ್ಯಾಲ್ಯೂ ಪೇಯಬಲ್) ಪದ್ಧತಿಯಲ್ಲಿ ಅಂಚೆಯವನು ಸರಕನ್ನು ಮನೆಗೆ ತಂದು, ಬೆಲೆ ಪಡೆದ ಮೇಲೆಯೇ ಒಪ್ಪಿಸಿ, ಆ ಹಣವನ್ನು ಮಾರಿದವನಿಗೆ ತಲುಪಿಸುತ್ತಿದ್ದುದರಿಂದ, ಕಾಣದ ಊರಿನ ಅಂಗಡಿಯಿಂದ ಪುಸ್ತಕ, ಔಷಧಿ, ಗಡಿಯಾರ ತರಿಸಿಕೊಳ್ಳುವ ಧೈರ್ಯ ಹಳ್ಳಿಗಳಿಗೆ ಬಂದಿತು. ಬಿಳಿಯ ಬಟ್ಟೆಯನ್ನು ಸುತ್ತಿ, ಅಂಚುಗಳನ್ನು ಒತ್ತೊತ್ತಾಗಿ ಹೊಲಿದು, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗನ್ನು ಕರಗಿಸಿ ಮುದ್ರೆಯೊತ್ತಿದ ಗಂಟನ್ನು ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಅದು ತಿಳಿಯದೆ ಹೋಗುತ್ತಿರಲಿಲ್ಲ. 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಸಂಖ್ಯೆ ಜಾರಿಗೆ ಬಂದ ಮೇಲೆ ಈ ಸೀಮೆಯ ಐದೂ ತಾಲ್ಲೂಕುಗಳ ಪಟ್ಟಣಗಳು 591 ಎಂಬ ಅಂಕಿಗಳಿಂದ ತೊಡಗುವ ವಿಳಾಸಗಳಾದವು. ಇಂದು ಮೊಬೈಲಿನಲ್ಲಿ ಕೊಂಡು ಬಾಗಿಲಲ್ಲಿ ಹಣ ಕೊಡುವವರು ಅನುಸರಿಸುತ್ತಿರುವುದು ಬಹುಮಟ್ಟಿಗೆ ಆ ಹಳೆಯ ವಿ.ಪಿ.ಯ ಕ್ರಮವನ್ನೇ.

ಅಂಚೆಯ ಗಂಟನ್ನು ಕಾಯುವುದು ಹೊದಿಕೆಯಾದರೆ, ಬೆಲ್ಲದ ವಿಷಯದಲ್ಲಿ ಸರಕಿನ ಆಕಾರವೇ ಅರ್ಧ ರಕ್ಷಣೆ. ಕೊಪ್ಪರಿಗೆಯಲ್ಲಿ ಕುದಿದು ಹದಕ್ಕೆ ಬಂದ ಪಾಕವನ್ನು ಆರಿಸಿ, ಬಟ್ಟೆ ಹಾಸಿದ ಬಕೆಟ್ಟಿನಲ್ಲಿ ತುಂಬಿ, ಗಟ್ಟಿಯಾದ ಮೇಲೆ ಬೋರಲು ಹಾಕಿ ತೆಗೆಯುವ ಪೆಂಟಿಯು ಗಾತ್ರಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡುವ ಮೈ ಕಡಿಮೆಯಾದ್ದರಿಂದ, ಗಾಳಿಯ ತೇವವನ್ನು ಹೀರಿ ನೀರೊಡೆಯುವ ಬೆಲ್ಲದ ಸ್ವಭಾವಕ್ಕೆ ತಕ್ಕ ಉಪಾಯವಾಗಿದೆ. ಇದೇ ಕೃಷ್ಣಾ, ದೂಧಗಂಗಾ ತೀರದ ಕಬ್ಬು 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಂಥ ಕಡೆ ಸಕ್ಕರೆಯಾಗಿ ಸೆಣಬಿನ ಚೀಲ ಸೇರಿತು. ಮೊದಲು ಕ್ವಿಂಟಾಲು ಹಿಡಿಸುತ್ತಿದ್ದ ಚೀಲ ಈಗ 50 ಕಿಲೋಗೆ ಇಳಿದಿರುವುದು ಹಮಾಲರ ಬೆನ್ನಿಗೆ ಸಿಕ್ಕ ಬಿಡುವು. ಪ್ಲಾಸ್ಟಿಕ್ ಚೀಲಗಳು ಸೆಣಬನ್ನು ಹೊರದೂಡುವುದನ್ನು ತಡೆಯಲು ಕೇಂದ್ರ ಸರ್ಕಾರ 1987ರಲ್ಲಿ ಸೆಣಬಿನ ಚೀಲಗಳ ಕಡ್ಡಾಯ ಬಳಕೆಯ ಕಾಯ್ದೆಯನ್ನು ತಂದಿದ್ದು, ಆಹಾರಧಾನ್ಯ ಮತ್ತು ಸಕ್ಕರೆಗಳಿಗೆ ಅದು ಇಂದಿಗೂ ಅನ್ವಯಿಸುತ್ತದೆ.

ಆದರೆ ಕಟ್ಟುವ ಕೆಲಸದ ನಿಜವಾದ ಭಾರ ತಿಳಿಯುವುದು ನಿಪ್ಪಾಣಿಯ ತಂಬಾಕಿನಲ್ಲಿ. ಬಿಸಿಲಿಗೆ ಒಣಗಿಸಿದ ಎಲೆಯನ್ನು ಪುಡಿಮಾಡಿ, ಕಡ್ಡಿ ಬೇರ್ಪಡಿಸಿ, ಜರಡಿ ಹಿಡಿದು, ದರ್ಜೆಗೆ ತಕ್ಕಂತೆ ಬೆರೆಸಿ ಚೀಲಕ್ಕೆ ತುಂಬುವ ಕೆಲಸ ವಖಾರಗಳಲ್ಲಿ, ಎಂದರೆ ವ್ಯಾಪಾರಿಗಳ ದೊಡ್ಡ ಉಗ್ರಾಣಗಳಲ್ಲಿ ನಡೆಯುತ್ತಿತ್ತು. 1943ರಿಂದ 1979ರವರೆಗೆ ಕಚ್ಚಾ ತಂಬಾಕಿನ ಮೇಲೆ ಅಬಕಾರಿ ಸುಂಕವಿದ್ದುದರಿಂದ ಉಗ್ರಾಣದ ಚೀಲಗಳಿಗೆ ಲೆಕ್ಕವಿರಬೇಕಿತ್ತು. ಅದೇ ಉಗ್ರಾಣದ ಘಾಟು ಧೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ದುಡಿಯುತ್ತಿದ್ದ ಸಾವಿರಾರು ಹೆಣ್ಣುಮಕ್ಕಳ ಕೂಲಿ, ಕೆಲಸದ ಹೊತ್ತುಗಳನ್ನು ಕೇಳುವವರು ಬಹುಕಾಲ ಇರಲಿಲ್ಲ. ಅವರೇ ಸಂಘಟಿತರಾಗಿ ಹೋರಾಡಿದ ಕಥೆಯನ್ನು ದೀಪಾ ಧನರಾಜ್ ಮತ್ತು ಗೆಳೆಯರ ಯುಗಾಂತರ್ ತಂಡ ಆ ಹೆಂಗಸರ ಜೊತೆಗೂಡಿಯೇ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಅದಕ್ಕೆ ಹಿಂದಿನ ವರ್ಷ, 1981ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ನ್ಯಾಯವಾದ ಬೆಲೆಗಾಗಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲೇ ಕುಳಿತಾಗ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ನಿಪ್ಪಾಣಿಯ ಹೆಸರು ಹೊತ್ತ ಚೀಲ ದೇಶವೆಲ್ಲ ತಿರುಗುತ್ತಿದ್ದಾಗ ಅದನ್ನು ಬೆಳೆದವರು, ತುಂಬಿದವರು ತಮ್ಮ ಪಾಲಿಗಾಗಿ ಬೀದಿಗಿಳಿಯಬೇಕಾಯಿತೆಂಬುದನ್ನು ಈ ಚರಿತ್ರೆ ಬರೆಯುವ ಯಾರೂ ಬಿಡಲಾಗದು.

ಬೀಡಿಯಲ್ಲಿಯೂ ಇದೇ ಕೈಗಳಿವೆ. ಮಧ್ಯ ಭಾರತದ ಕಾಡುಗಳಿಂದ ಬರುವ ತೆಂದು ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ತಗಡಿನ ಅಚ್ಚನ್ನಿಟ್ಟು ಕತ್ತರಿಸಿ, ಚಿಟಿಕೆ ತಂಬಾಕನ್ನು ಹರಡಿ ಸುರುಳಿ ಸುತ್ತಿ, ಬಾಯಿಯನ್ನು ಉಗುರಿನಿಂದ ಒಳಮಡಚಿ ದಾರ ಬಿಗಿಯುವ ಹೆಂಗಸು ದಿನವಿಡೀ ಮಾಡುವುದು ಪೊಟ್ಟಣ ಕಟ್ಟುವ ಕೆಲಸವನ್ನೇ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಆಕೆಯ ಬೀಡಿಗಳನ್ನು ಸಾಮಾನ್ಯವಾಗಿ 25ರ ಕಟ್ಟುಗಳಾಗಿಸಿ, ಬಣ್ಣದ ಕಾಗದ ಸುತ್ತಿ, ಮಾಲೀಕನ ಹೆಸರು ಅಥವಾ ಚಿತ್ರ ಅಂಟಿಸಲಾಗುತ್ತದೆ. ಓದು ಬಾರದ ಗಿರಾಕಿ ಚಿತ್ರ ನೋಡಿಯೇ ತನ್ನ ಬೀಡಿ ಗುರುತಿಸುತ್ತಿದ್ದುದರಿಂದ ಈ ಪುಟ್ಟ ಕಾಗದ ವ್ಯಾಪಾರದ ದೊಡ್ಡ ಆಸ್ತಿಯಾಗಿತ್ತು. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ 2009ರ ಮೇ 31ರಿಂದ ಅಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯವಾಗಿ, 2016ರ ಏಪ್ರಿಲ್‌ನಿಂದ ಅದು ಪೊಟ್ಟಣದ ಮುಖಭಾಗದ ಶೇಕಡಾ 85ರಷ್ಟನ್ನು ಆಕ್ರಮಿಸಿತು. ಮಾರುವುದಕ್ಕೆಂದು ಹುಟ್ಟಿದ ಹೊದಿಕೆಯೇ ಕೊಳ್ಳಬೇಡಿ ಎನ್ನತೊಡಗಿದ ಈ ಬದಲಾವಣೆ ಆರೋಗ್ಯದ ದೃಷ್ಟಿಯಿಂದ ಸರಿಯಾದದ್ದು. ಎಚ್ಚರಿಕೆಯ ಕಾಗದವನ್ನು ಅಂಟಿಸುವ ಹೆಂಗಸಿನ ಎದೆಗಿಳಿಯುವ ಧೂಳಿನ ಮಾತು ಮಾತ್ರ ಅದರ ಮೇಲಿಲ್ಲ.

ಕಿರಾಣಿ ಅಂಗಡಿಯಲ್ಲಿ ಬಹುಕಾಲ ನಡೆದದ್ದು ಪುಡಿಕೆಯ ಆಳ್ವಿಕೆ. ಹಳೆಯ ಪತ್ರಿಕೆಯ ಹಾಳೆಯನ್ನು ಓರೆಯಾಗಿ ಸುತ್ತಿ ಕೊಳವೆ ಮಾಡಿ, ತುದಿಯನ್ನು ತಿರುಚಿ, ಸಕ್ಕರೆಯೋ ಬೇಳೆಯೋ ತುಂಬಿ, ಮೇಲಿನ ಅಂಚುಗಳನ್ನು ಒಳಕ್ಕೆ ಮಡಚಿ, ತಲೆಯ ಮೇಲೆ ತೂಗುವ ಉಂಡೆಯಿಂದ ಎಳೆದ ದಾರವನ್ನು ನಾಲ್ಕು ಸುತ್ತು ಸುತ್ತಿ ಹರಿಯುವಷ್ಟರಲ್ಲಿ ಅಂಗಡಿಯವರು ಮುಂದಿನ ಗಿರಾಕಿಯನ್ನು ಮಾತಾಡಿಸುತ್ತಿದ್ದರು. ಮುದ್ರಣದ ಮಸಿ ಆಹಾರಕ್ಕೆ ಹತ್ತುವುದು ಹಾನಿಕರವೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿದ್ದು ಯೋಗ್ಯವೇ. ಅದಕ್ಕೂ ಮುಂಚೆ 1977ರ ನಿಯಮಗಳು ಮೊದಲೇ ಕಟ್ಟಿಟ್ಟ ಸರಕಿನ ಮೇಲೆ ತಯಾರಕನ ವಿಳಾಸ, ನಿವ್ವಳ ತೂಕ, ತಿಂಗಳು, ಬೆಲೆಗಳನ್ನು ಅಚ್ಚು ಹಾಕಬೇಕೆಂದು ವಿಧಿಸಿ, ತಕ್ಕಡಿಯ ಮುಂದೆ ನಿಂತು ನೋಡುತ್ತಿದ್ದ ಗಿರಾಕಿಯ ಕಣ್ಣಿನ ಕೆಲಸವನ್ನು ಕಾಗದಕ್ಕೆ ಒಪ್ಪಿಸಿದ್ದವು. ಪುಡಿಕೆಯ ಜಾಗಕ್ಕೆ ಬಂದ ಹೊಳೆಯುವ ಸಣ್ಣ ಚೀಟಿಗಳು ಒಂದು ರೂಪಾಯಿಯಲ್ಲೂ ಶಾಂಪೂ, ಕಾಫಿಪುಡಿ ಕೊಡಿಸಿದವಾದರೂ, ಅವುಗಳಲ್ಲಿ ಹಲವು ಪ್ಲಾಸ್ಟಿಕ್, ಲೋಹದ ಪದರಗಳನ್ನು ಬೇರ್ಪಡಿಸಲಾಗದಂತೆ ಅಂಟಿಸಿದವಾದ್ದರಿಂದ ಮರುಬಳಕೆಗೆ ಒದಗದೆ ಗಟಾರ ಸೇರುತ್ತವೆ. ಗುಟ್ಕಾ ಚೀಟಿಗಳಿಗೆ ಪ್ಲಾಸ್ಟಿಕ್ ಬಳಸುವುದನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್‌ನಿಂದ ತಡೆಯಿತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿದಂಥ ನಾಡಿನಲ್ಲಿ ಕಟ್ಟಿಕೊಂಡ ಗಟಾರಗಳು ಸಣ್ಣ ಸಂಗತಿಯಲ್ಲ.

ಹೆಸರಿನ ಪ್ರಶ್ನೆಗೆ ಅತ್ಯಂತ ಸ್ಪಷ್ಟ ನಿದರ್ಶನ ಅಥಣಿಯ ಚಪ್ಪಲಿ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಕುಟುಂಬಗಳು, ಗಂಡಸರು ಕತ್ತರಿಸಿ ಬಡಿದು, ಹೆಂಗಸರು ಹೆಣೆದು ಹೊಲಿದು ಮಾಡುವ ಜೋಡುಗಳು ದಾರದಲ್ಲಿ ಕಟ್ಟಿದ ಗಂಟುಗಳಾಗಿ ವ್ಯಾಪಾರಿಗಳ ಕೈಸೇರಿ, ರಟ್ಟಿನ ಪೆಟ್ಟಿಗೆಯೊಳಗೆ ಕೂತಾಗ ಕೊಲ್ಹಾಪುರಿಯಾಗುತ್ತವೆ. 2019ರಲ್ಲಿ ಸುದ್ದಿಯಾದ ಭೌಗೋಳಿಕ ಸೂಚಕದ ಮಾನ್ಯತೆ, ಎಂದರೆ ನಿರ್ದಿಷ್ಟ ನೆಲದ ಸರಕಿಗೆ ಮಾತ್ರ ಒಂದು ಹೆಸರನ್ನು ಮೀಸಲಿಡುವ ಕಾನೂನಿನ ರಕ್ಷಣೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳಿಗೂ ಕೊಲ್ಹಾಪುರಿ ಎಂಬ ಹೆಸರಿನ ಹಕ್ಕನ್ನು ಕೊಟ್ಟಿತು. ಅದು ನ್ಯಾಯವಾದ ತೀರ್ಮಾನವಾದರೂ ಅರ್ಧದಾರಿಯದು. ತಯಾರಕನ ವಿಳಾಸವನ್ನು ಅಚ್ಚು ಹಾಕುವುದು ಹೇಗೂ ಕಡ್ಡಾಯವಿರುವಾಗ, ಅದೇ ಪೆಟ್ಟಿಗೆಯ ಮೇಲೆ ಚಪ್ಪಲಿ ಹೊಲಿದ ಊರನ್ನೂ, ಒಪ್ಪಿದರೆ ಹೊಲಿದವರ ಹೆಸರನ್ನೂ ಸೇರಿಸುವುದಕ್ಕೆ ಒಂದು ಸಾಲಿನಷ್ಟು ಜಾಗ ಸಾಕು, ಮತ್ತು ಅದನ್ನು ಮೊದಲು ಕೇಳಬೇಕಾದವರು ಆ ಪೆಟ್ಟಿಗೆಯನ್ನು ಕೊಳ್ಳುವವರು.